ಕಿಟಕಿಯೋ, ಮೇಜೋ

‘ಗೊತ್ತಿಲ್ಲ’ ಅನ್ನುವ ಮಾತು ಬಾಯಿಗೆ ಬಾರದವರಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗೆ ಸ್ವಲ್ಪ ಹೆಚ್ಚಾಗಿಯೇ ಆಗಿವೆ, ಯಾಕೆಂದರೆ ನಾನು ಕಲಿಸುವ ಕೆಲಸದವಳು. ಕಲಿಸುವವರು ಗೊತ್ತಿಲ್ಲ ಅಂದರೆ ಕಲಿಯುವವರು ಎದ್ದು ಹೋಗುತ್ತಾರೆ.

ಹೊಳೆನರಸೀಪುರದ ಪೇಟೆಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹನ್ನೆರಡು ಮೆಷಿನ್ನು. ಎಂಟು ಇಂಗ್ಲಿಷಿನವು, ನಾಲ್ಕು ಕನ್ನಡದವು. ಬೆಳಗ್ಗೆ ಆರೂವರೆಗೆ ಎಲ್ಲ ಒಟ್ಟಿಗೆ ಶುರುವಾದರೆ ಕೆಳಗಿನ ಅಂಗಡಿಯವರು ಆಲಿಕಲ್ಲು ಬಿತ್ತೇನೋ ಅಂತ ಹೊರಗೆ ಬಂದು ಆಕಾಶ ನೋಡುತ್ತಿದ್ದ ಕಾಲವೂ ಇತ್ತು. ಆಮೇಲೆ ಹಾಸನದಲ್ಲಿ ಕಂಪ್ಯೂಟರ್ ಕಲಿಸುವ ಜಾಗಗಳು ಒಂದೊಂದಾಗಿ ಬಾಗಿಲು ತೆರೆದವು. ನನ್ನಲ್ಲಿ ಬರುತ್ತಿದ್ದವರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಒಂದು ದಿನ ನೋಡುತ್ತೇನೆ, ಹನ್ನೆರಡು ಮೆಷಿನ್ನಿನ ಮುಂದೆ ನಾಲ್ಕೇ ಜನ. ಗೊಬ್ಬರದ ಅಂಗಡಿಯವರು ಮೇಲೆ ಬಂದು ಮೈಗೆ ಹುಷಾರಿಲ್ಲವಾ ಅಂತ ವಿಚಾರಿಸಿದರು. ಅವತ್ತೇ ಕಂಪ್ಯೂಟರ್ ತರುವುದು ಅಂತ ತೀರ್ಮಾನಿಸಿದೆ. ಮಾಳಿಗೆಯಲ್ಲಿ ಗೊಬ್ಬರದ ಧೂಳು ಏಳುತ್ತಿದ್ದದ್ದರಿಂದ ಅದನ್ನು ಮನೆಯ ಪಡಸಾಲೆಯಲ್ಲೇ ಇಟ್ಟು ಕಲಿಸುವುದು ಅಂತಲೂ ಆಯಿತು.

ಸ್ಪೀಡು

ಹಾಸನದ ಅಂಗಡಿಯವರೊಬ್ಬರು ಬಳಸಿದ ಕಂಪ್ಯೂಟರೊಂದನ್ನು ನನಗಾಗಿ ಎತ್ತಿಟ್ಟಿದ್ದರು. ಹೋದೆ. ಆಗಿನ ಕಂಪ್ಯೂಟರು ಹಚ್ಚಿದರೆ ಬರೀ ಕಪ್ಪು ಪರದೆ, ಮೂಲೆಯಲ್ಲಿ ಮಿಣಮಿಣ ಅನ್ನುವ ಒಂದು ಗೆರೆ. ಏನು ಆಗಬೇಕಾದರೂ ನಾವೇ ಆಜ್ಞೆಯನ್ನು ಟೈಪ್ ಮಾಡಬೇಕು. ಅದರ ಮೇಲೆ ಬೇಕಾದವರು ಚಿತ್ರದ ಸಾಫ್ಟ್‌ವೇರ್ ಹಾಕಿಸಿಕೊಳ್ಳುತ್ತಿದ್ದರು. ಆಗ ಟೈಪ್ ಮಾಡುವ ಬದಲು ಮೌಸಿನಿಂದ ಚಿತ್ರವನ್ನು ತೋರಿಸಿ ಒತ್ತಿದರೆ ಸಾಕು. ಅಂಗಡಿಯವರು ಮನೆಗಾದರೆ ಚಿತ್ರದ್ದೇ ಒಳ್ಳೆಯದು ಅಂದರು.

ನನಗೆ ಅವಮಾನವಾಯಿತು. ನಿಮಿಷಕ್ಕೆ ಅರವತ್ತು ಪದ ಹೊಡೆಯುವವಳು ನಾನು, ಅಂಗನವಾಡಿ ಮಗುವಿನ ಹಾಗೆ ಚಿತ್ರ ತೋರಿಸಿಕೊಂಡು ಕೂರಬೇಕೆ? ಆ ಕಪ್ಪು ಪರದೆಯದ್ದೇ ಸಾಕು ಅಂದೆ. ಆಜ್ಞೆಗಳ ಪುಸ್ತಕವೊಂದನ್ನು ಮೊದಲೇ ತರಿಸಿ, ಅಷ್ಟನ್ನೂ ಟೈಪಿಂಗ್ ಪಾಠದ ಹಾಗೆ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಅವರ ಕಂಪ್ಯೂಟರಿನ ಮುಂದೆಯೇ ಕೂತು, ನೋಡಿ ಬೇಕಾದರೆ ಅಂತ ಶುರು ಮಾಡಿದೆ. ನಮ್ಮ ವಿದ್ಯೆಯಲ್ಲಿ ಕಣ್ಣು ಪುಸ್ತಕದ ಮೇಲಿರಬೇಕು, ಮೆಷಿನ್ನಿನ ಮೇಲಲ್ಲ. ನನ್ನ ಕಣ್ಣು ಪುಸ್ತಕದ ಮೇಲೇ ಇತ್ತು. ಪುಟದ ಕೊನೆಗೆ ಒಂದು ಆಜ್ಞೆ, ಅದರ ಕೆಳಗೆ ‘ವೈ’ ಒತ್ತಿ ಅಂತ ಇತ್ತು. ಒತ್ತಿದೆ. ಕೈ ಎತ್ತಿ ಮಡಿಲಲ್ಲಿಟ್ಟುಕೊಂಡು, ಈಗ ಏನು ಹೇಳುತ್ತೀರಿ ಅನ್ನುವ ಹಾಗೆ ಅವರ ಮುಖ ನೋಡಿದೆ.

ಅವರು ಪರದೆಯನ್ನೇ ನೋಡುತ್ತಿದ್ದರು. ಆ ಕೊನೆಯ ಆಜ್ಞೆ, ಅಲ್ಲಿರುವುದನ್ನೆಲ್ಲ ಅಳಿಸಿಹಾಕು ಅನ್ನುವುದಂತೆ. ನಿಜವಾಗಿಯೂ ಅಳಿಸಲೇ ಅಂತ ಅದು ಕೇಳಿದ್ದಕ್ಕೇ ನಾನು ಹೌದು ಅಂತ ‘ವೈ’ ಒತ್ತಿದ್ದಂತೆ. ಅಲ್ಲಿದ್ದದ್ದು ಅವರ ತಂಗಿಯ ಮದುವೆಗೆ ಕರೆಯಬೇಕಾದವರ ಹೆಸರು, ವಿಳಾಸ. ಮೂರು ವಾರ ಕೂತು ಮಾಡಿದ್ದು.

ಪರದೆಯಿಂದ ಕಣ್ಣು ತೆಗೆಯದೆಯೇ ಅವರು, “ಸ್ಪೀಡು ಚೆನ್ನಾಗೈತೆ ಮೇಡಂ,” ಅಂದರು.

ಕೈಬರಹದ ಪಟ್ಟಿ ಅವರ ಮನೆಯಲ್ಲಿತ್ತು, ಪುಣ್ಯ. ತರಿಸಿ ನನ್ನ ಮುಂದಿಟ್ಟರು. ಸಂಜೆಯವರೆಗೂ ಕೂತು ಅವರ ನೆಂಟರಿಷ್ಟರನ್ನೆಲ್ಲ ಟೈಪ್ ಮಾಡಿಕೊಟ್ಟೆ. ಎದ್ದಾಗ ನಾನಾಗಿಯೇ ಹೇಳಿದೆ, ಚಿತ್ರದ್ದೇ ಹಾಕಿಕೊಡಿ ಅಂತ.

ರೇಟು

ಚಿತ್ರದ ಸಾಫ್ಟ್‌ವೇರಿನಲ್ಲೂ ಎರಡು ಥರ ಇತ್ತು. ಒಂದರ ಹೆಸರಿನಲ್ಲೇ ಕಿಟಕಿ ಇತ್ತು. ಇನ್ನೊಂದನ್ನು ತೆರೆದರೆ ಮೇಜಿನ ಚಿತ್ರ ಬರುತ್ತಿತ್ತು. ನಮ್ಮ ಮನೆಯಲ್ಲಿ ಅವಕ್ಕೆ ಕಿಟಕಿ, ಮೇಜು ಅಂತಲೇ ಹೆಸರು ಉಳಿಯಿತು. ಅಂಗಡಿಯವರು ಎರಡನ್ನೂ ತುಂಬಿ, ಎರಡರ ಫ್ಲಾಪಿಗಳನ್ನೂ ಕೊಟ್ಟರು. ಎರಡೂ ಕೂತರೆ ಬೇರೆ ಯಾವುದಕ್ಕೂ ಒಳಗೆ ಜಾಗ ಇರುವುದಿಲ್ಲವಾದ್ದರಿಂದ, ಒಂದು ತಿಂಗಳು ನೋಡಿ ಬೇಡವಾದದ್ದನ್ನು ವಾಪಸ್ ಕೊಡಬೇಕು ಅಂತ ಮಾತಾಯಿತು.

ಪೆಟ್ಟಿಗೆಯನ್ನು ಬಸ್ಸಿನ ಹಿಂದಿನ ಸೀಟಿನ ಕೆಳಗೆ ತಳ್ಳಿ, ಪರದೆಯ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರ್ ಬಂದವರು ಟಿವಿಗೆ ಲಗೇಜು ಹಾಕಬೇಕು ಅಂದರು. ಇದು ಟಿವಿ ಅಲ್ಲ, ಕಂಪ್ಯೂಟರ್ ಅಂದೆ. ಕಂಪ್ಯೂಟರಿಗೆ ಇನ್ನೂ ರೇಟು ಬಂದಿಲ್ಲ ಅಂದರು. ರೇಟು ಬಂದಿಲ್ಲದಿದ್ದರೆ ಬಿಟ್ಟುಬಿಡಿ ಅಂದೆ. ಅವರು ಸುಲಭಕ್ಕೆ ಬಿಡುವ ಮನುಷ್ಯರಾಗಿರಲಿಲ್ಲ. ಡಬ್ಬದ ಸುತ್ತ ಬಗ್ಗಿ ನೋಡಿ, ಇದರಲ್ಲಿ ಚಿತ್ರ ಬರುತ್ತದೋ ಇಲ್ಲವೋ ಅಂತ ಕೇಳಿದರು.

ಬೆಳಗ್ಗೆಯಿಂದ ಆ ವಿಷಯದಲ್ಲಿ ನಾನು ಬಹಳ ತಿಳಿದುಕೊಂಡಿದ್ದೆ. ಬಸ್ಸಿನವರಿಗೆಲ್ಲ ಕೇಳುವ ಹಾಗೆ, ಚಿತ್ರದ್ದು ಒಂದಲ್ಲ, ಎರಡು ಥರ ಹಾಕಿಸಿದ್ದೇನೆ ಅಂದೆ.

“ಚಿತ್ರ ಬಂದ್ರೆ ಟಿವಿ ರೇಟೇ ಕಣಮ್ಮ. ಬರೀ ಅಕ್ಸರ ಬರೋದಾಗಿದ್ರೆ ರೇಡಿಯೋ ರೇಟು ಹಾಕ್ಬೋದಿತ್ತು,” ಅಂತ ಚೀಟಿ ಹರಿದು ಕೈಗಿಟ್ಟರು.

ಮೇಜಿನ ಮೇಲಿನ ಬುಟ್ಟಿ

ಆ ತಿಂಗಳು ನಮ್ಮ ಅತ್ತೆ ದಂಡಿಗನಹಳ್ಳಿಯಿಂದ ಬಂದು ನಮ್ಮಲ್ಲಿದ್ದರು. ಹಲ್ಲಿನ ಡಾಕ್ಟರಿಗೆ ತೋರಿಸಬೇಕಿತ್ತು. ಕಂಪ್ಯೂಟರ್ ಬಂದ ಮೇಲೆ ಹಲ್ಲು ಮರೆತುಹೋಗಿ, ಅದರ ಎದುರಿಗೆ ಒಂದು ಮಣೆ ಹಾಕಿಕೊಂಡು ಕೂರತೊಡಗಿದರು. ನಾನು ಮೊದಲು ಮೇಜನ್ನು ತೆರೆದು ತೋರಿಸಿದೆ. ಮೇಜು, ಮೇಜಿನ ಮೇಲೆ ಕಾಗದದ ಕಡತ, ಗಡಿಯಾರ, ಮೂಲೆಯಲ್ಲೊಂದು ಕಸದ ಬುಟ್ಟಿ.

“ಮೇಜಿನ ಮ್ಯಾಲೆ ಕಸದ ಬುಟ್ಟಿ ಯಾರವ್ವ ಮಡಗಿರೋರು? ಕೆಳೀಕೆ ಇಕ್ಕು,” ಅಂದರು.

ಅದು ಅಲ್ಲೇ ಇರುವುದು ಅತ್ತೆ, ಬೇಡದ ಕಾಗದ ಅದರೊಳಗೆ ಹಾಕುವುದು ಅಂತ ವಿವರಿಸಿದೆ. ಬೇಡದ್ದನ್ನು ಕೆಳಗೆ ಹಾಕಿದರಾಗದೇ ಅಂದರು. ಕೆಳಗೆ ಅನ್ನುವುದು ಇದರಲ್ಲಿ ಇಲ್ಲ ಅಂದೆ. ಕೆಳಗೆ ಇಲ್ಲದ ಮೇಜು ಎಂಥದ್ದು ಅಂತ ಅವರು ಕೇಳಿದರು. ಗೊತ್ತಿಲ್ಲ ಅನ್ನದೆ, ಮುಂದಿನ ಪಾಠದಲ್ಲಿ ಬರುತ್ತೆ ಅಂದುಬಿಟ್ಟೆ.

ಮರುದಿನ ಕಿಟಕಿಯನ್ನು ತೆರೆದೆ. ಇದರ ಹೆಸರು ಕಿಟಕಿ ಅಂದ ಕೂಡಲೇ ಅತ್ತೆ ಮಣೆಯನ್ನು ಹತ್ತಿರಕ್ಕೆಳೆದುಕೊಂಡು ಬಗ್ಗಿ ನೋಡಿದರು. ಯಾರೂ ಕಾಣದಿದ್ದದ್ದಕ್ಕೆ ಹಿಂದಕ್ಕೆ ಸರಿದು, ಆ ಮನೆಯವರು ಊರಲ್ಲಿಲ್ಲವೇನೋ ಅಂದರು. ನಾನು ಒಂದರ ಮೇಲೊಂದು ನಾಲ್ಕು ಚೌಕ ತೆರೆದು, ಇವೆಲ್ಲ ಕಿಟಕಿಗಳೇ ಅಂದೆ. ಅಷ್ಟೊಂದು ಕಿಟಕಿ ಇಟ್ಟವರು ಒಂದು ಬಾಗಿಲು ಯಾಕೆ ಇಡಲಿಲ್ಲ, ಹೊರಗೆ ಹೋಗುವುದು ಹೇಗೆ ಅಂತ ಕೇಳಿದರು.

ಅದೇ ನನಗೂ ಗೊತ್ತಿರಲಿಲ್ಲ. ಎರಡು ದಿನದಿಂದ ನಾನು ಪ್ಲಗ್ಗು ಕಿತ್ತು ಹೊರಗೆ ಬರುತ್ತಿದ್ದೆ.

ಮಾರ್ಕ್ಸು

ನಮ್ಮ ಯಜಮಾನರು ಅರಕಲಗೂಡಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಸಂಜೆ ಬಸ್ಸಿಳಿದು ಬಂದವರು ಕಾಫಿ ಹಿಡಿದುಕೊಂಡು ಪರದೆಯ ಮುಂದೆ ನಿಲ್ಲುತ್ತಿದ್ದರು. ಮುಟ್ಟುತ್ತಿರಲಿಲ್ಲ. ಕಾಪಿ ತಿದ್ದುವ ಹಾಗೆ ತಲೆ ಓರೆ ಮಾಡಿ ನೋಡುತ್ತಿದ್ದರು. ಮೂರನೇ ದಿನ ಹೇಳಿದರು, ಮೇಜಿನಲ್ಲಿ ಕಡತಕ್ಕೆ ಬೆಳಕು ಎಡದಿಂದ ಬಿದ್ದಿದೆ, ಬುಟ್ಟಿಗೆ ಬಲದಿಂದ ಬಿದ್ದಿದೆ, ಒಂದೇ ಕೋಣೆಯಲ್ಲಿ ಎರಡು ಸೂರ್ಯ ಹೇಗೆ ಸಾಧ್ಯ ಅಂತ. ಕಿಟಕಿಯಲ್ಲಿ ನೆರಳು ಸರಿಯಿದೆ, ಆದರೆ ಬಣ್ಣ ಹಚ್ಚಿದವನಿಗೆ ತಾಳ್ಮೆಯಿಲ್ಲ, ಗೆರೆ ದಾಟಿದ್ದಾನೆ ಅಂದರು.

ರೀ, ನಾವು ಇದನ್ನು ಗೋಡೆಗೆ ತೂಗುಹಾಕುವುದಕ್ಕೆ ತಂದದ್ದಲ್ಲ ಅಂದೆ ನಾನು. ನನ್ನ ಪರೀಕ್ಷೆ ಬೇರೆ. ಎರಡರಲ್ಲೂ ಕಾಗದ ಬರೆಯುವ ಒಂದೊಂದು ಜಾಗವಿತ್ತು. ಅಲ್ಲಿ ನನ್ನ ಅರವತ್ತರ ವೇಗದಲ್ಲಿ ಹೊಡೆದು ನೋಡಿದೆ. ಮೇಜು ಅರ್ಧ ಅಕ್ಷರಗಳನ್ನು ನುಂಗಿತು. ಕಿಟಕಿ ನುಂಗಲಿಲ್ಲ, ಆದರೆ ನಾನು ಸಾಲು ಮುಗಿಸಿ ಕೈಕಟ್ಟಿ ಕೂತ ಮೇಲೆ ಅಕ್ಷರಗಳು ಒಂದೊಂದಾಗಿ ಬಂದವು, ಮದುವೆಯ ಊಟದಲ್ಲಿ ಎರಡನೇ ಪಂಕ್ತಿಗೆ ಬರುವವರ ಹಾಗೆ. ಇನ್ನೊಂದು ಗುಣವನ್ನೂ ಗಮನಿಸಿದೆ. ತಪ್ಪು ಹೊಡೆದರೆ ಕಿಟಕಿ ಠಣ್ ಅಂತ ಸದ್ದು ಮಾಡುತ್ತಿತ್ತು. ಇಪ್ಪತ್ತು ವರ್ಷ ಬೇರೆಯವರ ತಪ್ಪಿಗೆ ಸ್ಕೇಲಿನಿಂದ ಟೇಬಲ್ ಕುಟ್ಟಿದವಳಿಗೆ ಇದು ಸರಿಬೀಳಲಿಲ್ಲ.

ಒಂದು ವಾರ ಅವರೂ ನಾನೂ ವಾದ ಮಾಡಿದೆವು. ಅಡುಗೆಮನೆಯವರೆಗೂ ವಾದ ಹೋಗಿ ಎರಡು ದಿನ ಸಾರಿಗೆ ಉಪ್ಪು ಹೆಚ್ಚಾಯಿತು. ಕೊನೆಗೆ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಮಾರ್ಕ್ಸು ಬರೆದು ಅತ್ತೆಯ ಕೈಗೆ ಕೊಡುವುದು, ಹೆಚ್ಚು ಬಂದದ್ದನ್ನು ಉಳಿಸಿಕೊಳ್ಳುವುದು ಅಂತಾಯಿತು. ಬಿಚ್ಚಿ ನೋಡಿದರೆ ಅವರೂ ಎರಡನ್ನೂ ಫೇಲು ಮಾಡಿದ್ದರು, ನಾನೂ ಎರಡನ್ನೂ ಫೇಲು ಮಾಡಿದ್ದೆ.

ಚಪ್ಪಾಳೆ

ಹೀಗೆ ತಿಂಗಳು ಮುಗಿಯುತ್ತ ಬಂತು. ಅಷ್ಟರಲ್ಲಿ ನಾನು ಬೋರ್ಡು ಬರೆಸಿ, ಉದ್ಘಾಟನೆಯ ದಿನವನ್ನೂ ಗೊತ್ತು ಮಾಡಿದ್ದೆ. ತಾಲ್ಲೂಕು ಆಫೀಸಿನ ಸಾಹೇಬರೊಬ್ಬರನ್ನು ಕರೆದಿದ್ದೆ. ಒಳ್ಳೆಯವರು, ಆದರೆ ಭಾಷಣಕ್ಕೆ ನಿಂತರೆ ಕೂರುವವರಲ್ಲ. ಪಡಸಾಲೆಯಲ್ಲಿ ಜನ, ಜಗಲಿಯಲ್ಲಿ ಜನ, ಬೀದಿಯಲ್ಲೂ ಜನ. ಇಷ್ಟು ಜನರಲ್ಲಿ ಹತ್ತು ಮಂದಿಯಾದರೂ ಸೇರದಿದ್ದರೆ ಇನ್‌ಸ್ಟಿಟ್ಯೂಟು ಮುಚ್ಚಬೇಕಾಗುತ್ತದೆ ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಅವತ್ತು ಕಿಟಕಿಯನ್ನು ತೆರೆದು, ದೊಡ್ಡ ಅಕ್ಷರದಲ್ಲಿ ಸ್ವಾಗತ ಅಂತ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದೆ. ಮೇಜನ್ನು ಯಾಕೆ ತೆರೆಯಲಿಲ್ಲ ಅಂದರೆ, ಸಾಹೇಬರೂ ಕಸದ ಬುಟ್ಟಿಯ ವಿಷಯ ಕೇಳಿಬಿಟ್ಟರೆ ಅನ್ನುವ ಹೆದರಿಕೆ.

ಸಾಹೇಬರು ದೀಪ ಹಚ್ಚಿ, ಕಂಪ್ಯೂಟರಿಗೆ ಬೆನ್ನು ಮಾಡಿ ನಿಂತು ಶುರು ಮಾಡಿದರು. ಐದು ನಿಮಿಷವಾಗಿರಬಹುದು, ಜನ ಆಕಳಿಸತೊಡಗಿದ್ದರು. ಇದ್ದಕ್ಕಿದ್ದ ಹಾಗೆ ಪರದೆ ಕಪ್ಪಾಯಿತು. ಆಮೇಲೆ ಆ ಕಪ್ಪಿನ ನಡುವಿನಿಂದ ಒಂದು ನಕ್ಷತ್ರ ಬಂತು, ಹತ್ತು ಬಂದವು, ನೂರು ಬಂದವು, ನಾವೇ ಆಕಾಶದೊಳಕ್ಕೆ ನುಗ್ಗಿ ಹೋಗುತ್ತಿರುವ ಹಾಗೆ. ಅದು ಮುಟ್ಟದೆ ಬಿಟ್ಟರೆ ತಾನಾಗಿ ಬರುವ ಚಿತ್ರ ಅಂತ ಈಗ ಮಕ್ಕಳಿಗೂ ಗೊತ್ತು. ಅವತ್ತು ನನಗೂ ಗೊತ್ತಿರಲಿಲ್ಲ. ತಿಂಗಳಿಡೀ ನಾನು ಅದನ್ನು ಐದು ನಿಮಿಷ ಮುಟ್ಟದೆ ಬಿಟ್ಟವಳೇ ಅಲ್ಲ.

ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಆಗ ತಾಲ್ಲೂಕಿನ ಚರಂಡಿಗಳ ವಿಷಯ ಹೇಳುತ್ತಿದ್ದರು. ಚರಂಡಿಗೆ ಚಪ್ಪಾಳೆ ಬಿದ್ದದ್ದು ಅವರ ಅನುಭವದಲ್ಲಿ ಅದೇ ಮೊದಲಿರಬೇಕು. ಒಂದು ಕ್ಷಣ ನಿಂತು, ಹುರುಪಿನಿಂದ ಚರಂಡಿಯನ್ನೇ ಮುಂದುವರಿಸಿದರು. ನಾನು ಏನೋ ಕೆಟ್ಟಿತು ಅಂತ ಓಡಿ ಹೋಗಿ ಒಂದು ಕೀ ಒತ್ತಿದೆ. ನಕ್ಷತ್ರ ಹೋಗಿ ಸ್ವಾಗತ ಬಂತು. ಜನ ಒಟ್ಟಿಗೆ ಛೇ ಅಂದರು. ಸಾಹೇಬರ ಮುಖ ಸಪ್ಪಗಾಯಿತು, ಚರಂಡಿ ಬಿಟ್ಟು ಬೀದಿದೀಪಕ್ಕೆ ಹೋದರು. ಐದು ನಿಮಿಷಕ್ಕೆ ಮತ್ತೆ ನಕ್ಷತ್ರ, ಮತ್ತೆ ಚಪ್ಪಾಳೆ. ಈ ಸಲ ಯಜಮಾನರು ನನ್ನ ಸೆರಗು ಹಿಡಿದು ಕೂರಿಸಿದರು. ಸಾಹೇಬರು ಮುಕ್ಕಾಲು ಗಂಟೆ ಮಾತಾಡಿ, ಹೊಳೆನರಸೀಪುರದಲ್ಲಿ ಇಷ್ಟು ಕಣ್ಣರಳಿಸಿ ಕೇಳಿದ ಸಭೆಯನ್ನು ಕಂಡಿರಲಿಲ್ಲ ಅಂತ ಹೇಳಿ ಕೂತರು.

ಹದಿನಾಲ್ಕು ಜನ ಅಲ್ಲೇ ಹೆಸರು ಬರೆಸಿದರು. ಎಲ್ಲರದ್ದೂ ಒಂದೇ ಪ್ರಶ್ನೆ, ಆ ನಕ್ಷತ್ರ ಬರಿಸುವುದನ್ನು ಎಷ್ಟನೇ ತಿಂಗಳಲ್ಲಿ ಹೇಳಿಕೊಡುತ್ತೀರಿ ಅಂತ.

ಮರುದಿನ ಹಾಸನದ ಅಂಗಡಿಗೆ ಫೋನ್ ಮಾಡಿ, ಕಿಟಕಿಯೇ ಇರಲಿ, ಮೇಜಿನ ಫ್ಲಾಪಿ ವಾಪಸ್ ತರುತ್ತೇನೆ ಅಂದೆ. ತಿಂಗಳಿಡೀ ಪರೀಕ್ಷೆ ಮಾಡಿದಿರಲ್ಲ, ಕಿಟಕಿಯಲ್ಲಿ ಏನು ಹಿಡಿಸಿತು ಅಂತ ಅವರು ಕೇಳಿದರು. ಸುಮ್ಮನೆ ಬಿಟ್ಟರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ ಅಂದೆ.

ಬಾಲ

ಇದೊಂದನ್ನು ಯಾರಿಗೂ ಹೇಳಬಾರದು ಅಂತ ಇಷ್ಟು ವರ್ಷ ಇದ್ದೆ.

ನಮ್ಮ ಪಡಸಾಲೆಯಲ್ಲಿ ಪ್ಲಗ್ಗು ಇದ್ದದ್ದು ಕುರ್ಚಿಯ ಹಿಂದಿನ ಗೋಡೆಯಲ್ಲಿ. ಹಾಗಾಗಿ ಕಂಪ್ಯೂಟರಿನ ಪೆಟ್ಟಿಗೆಯನ್ನು ನನ್ನ ಬೆನ್ನ ಹಿಂದೆ ಸ್ಟೂಲಿನ ಮೇಲೆ ಇಟ್ಟಿದ್ದೆ. ಮೌಸಿನ ವೈರು ಗಿಡ್ಡ. ಹಿಂದಿನಿಂದ ನನ್ನ ಮಗ್ಗುಲಲ್ಲೇ ಬಂದು ಟೇಬಲ್ ಹತ್ತುತ್ತಿತ್ತು. ಅದು ಹೇಗೆ ಬಂತೋ ಹಾಗೇ ಹಿಡಿದೆ, ಬಾಲ ನನ್ನ ಕಡೆಗೆ, ತಲೆ ಪರದೆಯ ಕಡೆಗೆ ಅಂತ. ಕೈ ಬಲಕ್ಕೆ ಸರಿಸಿದರೆ ಬಾಣ ಎಡಕ್ಕೆ ಹೋಗುತ್ತಿತ್ತು. ಮುಂದಕ್ಕೆ ತಳ್ಳಿದರೆ ಕೆಳಗೆ ಬರುತ್ತಿತ್ತು. ಗುಂಡಿಗಳು ಅಂಗೈಯ ಬುಡದಲ್ಲಿ ಇರುತ್ತಿದ್ದವಾದ್ದರಿಂದ ಹೆಬ್ಬೆರಳು ಮಡಿಸಿ ಒತ್ತಬೇಕಿತ್ತು. ಟೈಪಿಂಗಿನಲ್ಲೂ ಸ್ಪೇಸ್ ಬಾರ್ ಹೊಡೆಯುವುದು ಹೆಬ್ಬೆರಳೇ ತಾನೇ, ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಬಾಣ ಯಾಕೆ ಉಲ್ಟಾ ಹೋಗುತ್ತೆ ಅಂತ ಯಜಮಾನರನ್ನು ಕೇಳಿದ್ದೆ. ಅವರೂ ಮೇಷ್ಟ್ರು. ಕನ್ನಡಿ ನೋಡಿಕೊಂಡು ತಲೆ ಬಾಚುವುದಿಲ್ಲವೇ, ಅದೇ ತತ್ವ ಅಂದರು.

ಅಭ್ಯಾಸವಾಗಲು ಮೂರು ವಾರ ಹಿಡಿಯಿತು. ಕಷ್ಟಪಟ್ಟು ಕಲಿತದ್ದರಿಂದ ಅದರ ಮೇಲೆ ಗೌರವ ಬಂದಿತ್ತು. ಕಲಿಯಲು ಬಂದವರಿಗೆ ನೋಟ್ಸು ಬರೆಸಿ ಬಾಯಿಪಾಠ ಮಾಡಿಸಿದೆ, ಬಾಣ ಎಡಕ್ಕೆ ಹೋಗಬೇಕಾದರೆ ಕೈ ಬಲಕ್ಕೆ ಹೋಗತಕ್ಕದ್ದು ಅಂತ. ಹೀಗೆ ಎರಡು ಬ್ಯಾಚು ಹೊರಗೆ ಹೋಯಿತು.

ಎರಡನೇ ಬ್ಯಾಚಿನಲ್ಲಿ ಬಹಳ ಚುರುಕಾದ ಒಬ್ಬ ಹುಡುಗಿ ಇದ್ದಳು. ನಾನೇ ಹೇಳಿ ಹಾಸನದ ಆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಸಿದೆ. ಅವಳು ಸೇರಿದ ಮಧ್ಯಾಹ್ನವೇ ಅಂಗಡಿಯವರ ಫೋನ್ ಬಂತು.

“ಮೇಡಂ, ನಿಮ್ಮನೇಲಿ ಮೌಸಿನ ಬಾಲ ಯಾವ ಕಡೀಕೈತೆ?”

ಇನ್ಯಾವ ಕಡೆ ಇರುತ್ತೆ, ನನ್ನ ಕಡೆಗೇ ಇದೆ ಅಂದೆ. ಅವರು ಬಹಳ ಮೆತ್ತಗೆ, ಒಂದು ಸಲ ತಿರುಗಿಸಿ ಇಟ್ಟುಕೊಂಡು ನೋಡಿ ಅಂದರು. ವೈರನ್ನು ಎಳೆದು ತಿರುಗಿಸಿದೆ. ಕೈ ಬಲಕ್ಕೆ ಹೋಯಿತು, ಬಾಣವೂ ಬಲಕ್ಕೆ ಹೋಯಿತು. ಎಷ್ಟು ಸುಲಭವಾಗಿ ಹೋಯಿತು ಅಂದರೆ ನನಗೆ ಅಳು ಬಂತು. ಆ ಹುಡುಗಿಯನ್ನು ಇದು ಯಾವ ಸೀಮೆಯ ರೀತಿ ಅಂತ ಅವರು ಕೇಳಿದ್ದಕ್ಕೆ, ಅವಳು ಹೆಮ್ಮೆಯಿಂದ, ಹೊಳೆನರಸೀಪುರ ಪದ್ಧತಿ ಅಂದಳಂತೆ. ತಿದ್ದಲು ಹೋದರೆ ನಮ್ಮ ಮೇಡಂ ಸುಳ್ಳು ಹೇಳಿಕೊಡುವವರಲ್ಲ ಅಂತ ಜಗಳಕ್ಕೇ ನಿಂತಳಂತೆ. ಆಮೇಲೆ ದಿನವೂ ಹಾಗೇ ಹಿಡಿದರೂ ಅವರ ಅಂಗಡಿಯಲ್ಲಿ ಎಲ್ಲರಿಗಿಂತ ಬೇಗ ಕೆಲಸ ಮುಗಿಸುತ್ತಿದ್ದಳು, ಅದಕ್ಕೆ ಬಿಟ್ಟುಬಿಟ್ಟರಂತೆ. ನಾನು ಮೂರನೇ ಬ್ಯಾಚಿನಿಂದ ಸದ್ದಿಲ್ಲದೆ ನೋಟ್ಸು ಬದಲಾಯಿಸಿದೆ. ಹಿಂದಿನವರಿಗೆ ಕಾಗದ ಬರೆಯಬೇಕು ಅಂತ ಎಷ್ಟೋ ಸಲ ಕೂತೆ, ಏನಂತ ಬರೆಯುವುದೋ ತೋಚದೆ ಎದ್ದೆ.

ಹೋದ ತಿಂಗಳು ದಂಡಿಗನಹಳ್ಳಿಯ ಜಮೀನಿನ ಕಾಗದವೊಂದು ಬೇಕಾಗಿ ಚನ್ನರಾಯಪಟ್ಟಣದ ಒಂದು ಆಫೀಸಿಗೆ ಹೋಗಿದ್ದೆ. ಕೌಂಟರಿನ ಒಳಗೆ ಐವತ್ತರ ಹತ್ತಿರದ ಹೆಂಗಸೊಬ್ಬರು ಕೂತು ಕೆಲಸ ಮಾಡುತ್ತಿದ್ದರು. ಕೈ ನೋಡಿದೆ. ಮೌಸಿನ ಬಾಲ ಅವರ ಕಡೆಗಿತ್ತು, ಹೆಬ್ಬೆರಳು ಮಡಿಸಿತ್ತು. ಕೈ ಬಲಕ್ಕೆ, ಬಾಣ ಎಡಕ್ಕೆ, ಮಿಂಚಿನ ಹಾಗೆ ಓಡುತ್ತಿತ್ತು. ಅದೇ ಹುಡುಗಿ. ಪರೀಕ್ಷೆ ಬರೆದು ಸರ್ಕಾರಿ ಕೆಲಸಕ್ಕೆ ಸೇರಿದ ಸುದ್ದಿ ಕೇಳಿದ್ದೆ. ನಾನು ಮೆಲ್ಲಗೆ ಸೆರಗು ತಲೆಯ ಮೇಲೆಳೆದುಕೊಂಡು ಪಕ್ಕದ ಕ್ಯೂಗೆ ಸರಿದೆ.

ಅವಳು ನೋಡಿಬಿಟ್ಟಳು. ಎದ್ದು ಓಡಿಬಂದು, ಅಷ್ಟು ಜನರ ನಡುವೆ ನನ್ನ ಕಾಲಿಗೆ ನಮಸ್ಕಾರ ಮಾಡಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. “ನಂಗೆ ಕಂಪ್ಯೂಟರ್ ಕಲ್ಸಿದ ಮೇಡಂ ಇವ್ರೇ,” ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಆಫೀಸಿನಲ್ಲಿ ಕೆಲಸ ನಿಂತಿತು. ಟೈಪ್ ಮಾಡುತ್ತಿದ್ದವರು ಕೀಗಳಿಂದ ಕೈ ತೆಗೆದರು. ಕೊನೆಯ ಮೇಜಿನಿಂದ ಹಿರಿಯ ಅಧಿಕಾರಿಯೊಬ್ಬರು ಕನ್ನಡಕ ತೆಗೆಯುತ್ತ ಎದ್ದು ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿ ಹೇಳಿದರು.

“ಓ, ಅವ್ರು ನೀವೇನಮ್ಮ?”